ಕುರುಹು ಮತ್ತು ಅದರ ಬೆಲೆ

ಕಣ್ಣಿಗೆ ಕಾಣದುದನ್ನು ಕಾಣಿಸಿಕೊಡುವ, ಮರೆತುದನ್ನು ನೆನಪಿಗೆ ತರುವ ವಸ್ತುವಿಗೆ ಕುರುಹೆಂದು ಹೆಸರು. ಸಂದರ್ಭಾನುಸಾರವಾಗಿ ಇದನ್ನೇ ಚಿಹ್ನೆ, ಲಾಂಛನ, ಮುದ್ರೆ, ಅಂಕಿತ, ಅಭಿಜ್ಞಾನ ಎಂದು ಕರೆಯುವರು. ಹನುಮಂತನು ಅಶೋಕವನದಲ್ಲಿ ಸೀತಾದೇವಿಗೆ ಒಪ್ಪಿಸಿದ ಉಂಗುರವು ಅಭಿಜ್ಞಾನ. ಅದು ನಂಬಿಕೆಯನ್ನು ಹುಟ್ಟಿಸಿತು. ಅರಸನ ಓಲೆಯ ಮೇಲಣ ಒತ್ತು ಮುದ್ರೆ. ಅದು ಅಧಿಕಾರವನ್ನು ಕೊಡುವುದು. ವಚನದ ಕೊನೆಯಲ್ಲಿ ಬರುವ ಇಷ್ಟದೈವದ ಹೆಸರು ಅಂಕಿತ. ಅದು ಮಾತು ಯಾರದೆಂಬುದನ್ನು ತಿಳಿಸುವುದು. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರೂ, ಗುಹೇಶ್ವರ ಎಂದೊಡನೆ ಅಲ್ಲಮಪ್ರಭುಗಳೂ, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕಮಹಾದೇವಿಯೂ ನಮ್ಮ ಮುಂದೆ ನಿಲ್ಲುವರು.

ಹೀಗೆ ಕುರುಹಿನ ಬಗೆಗಳು ಹಲವು. ಆದರೆ ಅದಕ್ಕೆ ಬೆಲೆ ಬರುವುದು ಎಲ್ಲಿಂದ? ಚಿತ್ರದುರ್ಗದ ಬೆಟ್ಟದ ಮಗ್ಗುಲಲ್ಲಿರುವ ಚಂದ್ರವಳ್ಳಿಯು ಇದಕ್ಕೆ ಒಳ್ಳೆಯ ಉತ್ತರವನ್ನು ಕೊಡುವುದು. ಅಲ್ಲಿ 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ವೀಲರ್ ಅವರೂ ಉತ್ಖನನ ನಡೆಸಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳೂ, ರೋಮ್ ಚಕ್ರವರ್ತಿ ತಿಬೇರಿಯಸನ ಬೆಳ್ಳಿಯ ನಾಣ್ಯಗಳೂ ಅಲ್ಲಿ ದೊರೆತಿವೆ. ಸೀಸವು ಕೀಳು ಲೋಹ. ಅದರ ತುಂಡಿಗೆ ಯಾರು ತಾನೆ ಧಾನ್ಯವನ್ನು ಅಳೆದುಕೊಟ್ಟಾರು? ಆದರೂ ಆಳುವವರ ಮುದ್ರೆ ಬಿದ್ದೊಡನೆ ಅದು ಸಂತೆಯಲ್ಲಿ ನಡೆಯಿತು. ಆ ಆಳಿಕೆ ಅಳಿದ ಮೇಲೆ ಅದೇ ನಾಣ್ಯ ಹಿಡಿ ರಾಗಿಯನ್ನೂ ತಾರದು. ಲೋಹ ಬದಲಾಗಲಿಲ್ಲ, ಮುದ್ರೆಯೂ ಅಳಿಸಲಿಲ್ಲ. ಹಿಂದೆ ನಿಂತಿದ್ದ ಶಕ್ತಿ ಮಾತ್ರ ಇಲ್ಲವಾಯಿತು.

ಇಂದಿನ ವ್ಯವಹಾರದಲ್ಲಿಯೂ ಈ ನಿಯಮವೇ ಉಂಟು. ಹೊಸದುರ್ಗದ ಕೊಬ್ಬರಿಯನ್ನಾಗಲಿ ಹೊಳಲ್ಕೆರೆಯ ಅಡಕೆಯನ್ನಾಗಲಿ ಮಂಡಿಗೆ ಹಾಕಿದ ರೈತನ ಕೈಗೆ ತೂಕದ ಚೀಟಿ ಬರುವುದು. ಆ ಕಾಗದದ ಹಿಂದೆ ಅವನ ವರುಷದ ದುಡಿಮೆ ಇರುವುದು. ಬ್ಯಾಂಕಿನಲ್ಲಿ ಹಿಂದೆ ಕೊಡುತ್ತಿದ್ದ ಹಿತ್ತಾಳೆಯ ಟೋಕನ್ ಬಿಲ್ಲೆಯೂ ಇಂತಹುದೇ. ಖಾತೆಯಲ್ಲಿ ಹಣವಿಲ್ಲದವನು ಬಿಲ್ಲೆಯನ್ನು ಎಷ್ಟು ಬೆಳಗಿ ಹಿಡಿದರೇನು ಫಲ? ಹಾಗೆಂದು, ಹಣವಿದೆಯೆಂಬ ಧೈರ್ಯದಿಂದ ಬಿಲ್ಲೆಯನ್ನು ಬೀದಿಗೆ ಎಸೆದವನು ಜಾಣನೂ ಅಲ್ಲ.

ಇಷ್ಟಲಿಂಗವನ್ನು ಶರಣರು ಅರುಹಿನ ಕುರುಹೆಂದು ಬೋಧಿಸಿದುದರ ಮರ್ಮವನ್ನು ಇಲ್ಲಿಂದ ತಿಳಿಯಬಹುದು. ಅರುಹು ನಿರಾಕಾರ; ಹಿಡಿಯಲು ಬಾರದು. ಅದನ್ನು ಗುರುವು ಕರಸ್ಥಲಕ್ಕೆ ತಂದುಕೊಟ್ಟನು. ಕುರುಹು ಅರುಹಿಗೆ ದಾರಿಯಾಗಬೇಕೇ ಹೊರತು ಅರುಹನ್ನು ಮರೆಸುವ ತೆರೆಯಾಗಬಾರದು.

ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನವರ ಪ್ರಸಂಗವು ಈ ತತ್ತ್ವಕ್ಕೆ ನಿದರ್ಶನವಾಗಿದೆ. ಹೊಳಲ್ಕೆರೆ ಸೀಮೆಯ ನುಲೇನೂರಿನ ಹೆಸರನ್ನು ಜನರು ಇಂದಿಗೂ ಈ ಶರಣರೊಡನೆ ಕೂಡಿಸಿ ಹೇಳುವರು. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಿಂದ ಜಂಗಮದಾಸೋಹ ನಡೆಸುವುದು ಅವರ ಕಾಯಕ. ಒಮ್ಮೆ ಹುಲ್ಲು ಕೊಯ್ಯುತ್ತಿರಲು ಇಷ್ಟಲಿಂಗವು ಕಳಚಿ ನೀರಿಗೆ ಬಿದ್ದಿತು. ಚಂದಯ್ಯನವರು ಕಾಯಕವನ್ನು ಬಿಡದೆ ಮುಂದೆ ನಡೆದರು. ಲಿಂಗವೇ ಅವರ ಬೆನ್ನು ಹತ್ತಿತು. ಮಡಿವಾಳ ಮಾಚಯ್ಯನವರು ನಡುವೆ ಬಂದು, ಲಿಂಗವನ್ನು ತೊರೆಯುವುದು ತಕ್ಕುದಲ್ಲವೆಂದು ತಿಳಿಹೇಳಿದರು. ಆಗ ಲಿಂಗವೂ ಕಾಯಕ ಮಾಡಬೇಕೆಂದು ಚಂದಯ್ಯನವರು ನಿಯಮವಿಟ್ಟರು. ಹಗ್ಗ ಮಾರಹೋದ ಲಿಂಗಕ್ಕೆ ಬಸವಣ್ಣನವರು ಹಗ್ಗದ ಬೆಲೆಯನ್ನು ಮೀರಿ ಹೊನ್ನನ್ನು ಕೊಟ್ಟರು. ಚಂದಯ್ಯನವರು ಅದನ್ನು ಒಪ್ಪಲಿಲ್ಲ.

ಹೊನ್ನೂ ಒಂದು ಕುರುಹೇ. ಅದು ದುಡಿಮೆಯ ಕುರುಹು. ಹಗ್ಗದ ಬೆಲೆಗಿಂತ ಮಿಗಿಲಾದ ಹೊನ್ನಿನ ಹಿಂದೆ ದುಡಿಮೆಯಿಲ್ಲವಾದ ಕಾರಣ, ಅದು ಭಕ್ತನಿಗೆ ಸಲ್ಲದ ನಾಣ್ಯವಾಯಿತು. ಅಂತೆಯೇ ಕಾಯಕ ದಾಸೋಹಗಳಿಲ್ಲದ ಲಿಂಗಧಾರಣೆಯೂ ಹಿಂದೆ ಬಲವಿಲ್ಲದ ಮುದ್ರೆಯಾಗುವುದು. ಆದರೆ ಮಾಚಯ್ಯನವರ ಮಾತನ್ನೂ ಮರೆಯಲಾಗದು. ಚಂದಯ್ಯನವರು ಲಿಂಗವನ್ನು ಮರಳಿ ಅಂಗೀಕರಿಸಿದರು. ಕುರುಹನ್ನು ಹಳಿಯುವುದು ಶರಣರ ಉದ್ದೇಶವಲ್ಲ.

ಈ ಕಾಲದ ಗೃಹಸ್ಥರಲ್ಲಿ ಎರಡು ತಪ್ಪುಗಳು ಕಂಡುಬರುವುವು. ಮನಸ್ಸು ಶುದ್ಧವಿದ್ದರೆ ಸಾಕೆಂದು ಹೇಳಿ ಲಿಂಗವನ್ನು ಪೆಟ್ಟಿಗೆಯಲ್ಲಿಡುವುದು ಒಂದು. ನೆನಪಿಸುವ ವಸ್ತುವನ್ನು ದೂರವಿಟ್ಟವನ ನೆನಪು ಬಹುಕಾಲ ಉಳಿಯದು. ಮುಂಜಾನೆ ವಿಭೂತಿ ಧರಿಸಿ, ಪೂಜೆ ಮುಗಿಸಿ, ಅಂಗಡಿಯಲ್ಲಿ ಕುಳಿತು ತಕ್ಕಡಿಯನ್ನು ಬೆರಳಿನಿಂದ ಒತ್ತುವುದು ಮತ್ತೊಂದು. ಇದು ಮೊದಲಿನದಕ್ಕಿಂತ ಘೋರ. ಏಕೆಂದರೆ ಹಣೆಯ ವಿಭೂತಿಯನ್ನು ಕಂಡು ನಂಬಿ ಬಂದ ಗಿರಾಕಿಯು ಅದರ ಹೆಸರಿನಲ್ಲಿಯೇ ವಂಚಿತನಾಗುವನು. ಮುಂದೆ ಅವನು ವಿಭೂತಿ ಧರಿಸಿದ ಪ್ರಾಮಾಣಿಕನನ್ನೂ ನಂಬನು. ಒಬ್ಬನ ಖೋಟಾ ನಾಣ್ಯದಿಂದ ಸಂತೆಯ ಎಲ್ಲರ ನಾಣ್ಯವೂ ಸಂದೇಹಕ್ಕೆ ಒಳಗಾಗುವುದು.

ಆದುದರಿಂದ ಸದ್ಭಕ್ತರು ನಿತ್ಯವೂ ಲಿಂಗವನ್ನು ಕರಸ್ಥಲದಲ್ಲಿರಿಸಿ ಪೂಜಿಸುವಾಗ, ಇದಕ್ಕೆ ಸಲ್ಲುವ ನಡೆ ನಿನ್ನೆಯ ದಿನ ನಡೆಯಿತೆ, ಇಂದು ನಡೆಯಬೇಕಾದುದೇನು ಎಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಮನೆಯ ಮಕ್ಕಳಿಗೂ ಲಿಂಗಧಾರಣೆಯ ವಿಧಿಯ ಜೊತೆಗೆ ಈ ಪ್ರಶ್ನೆಯನ್ನು ಕಲಿಸುವುದು ಹಿರಿಯರ ಕರ್ತವ್ಯವಾಗಿದೆ.