ಗಣಪತಿ ಬಂದಾಗ ಜಿನಿಯಾ ಬಿತ್ತು

ತಂಗಿ, ಪುಣೆಯ ಬಾಣೇರಿನ ಹೊಸ ಮನೆಯ ಬಾಲ್ಕನಿಯಲ್ಲಿ ಜಿನಿಯಾ ಬೆಳೆಸುವ ಆಸೆ ನಿನಗಿದೆ ಎಂದು ನಿಮ್ಮವ್ವ ಫೋನಿನಲ್ಲಿ ಹೇಳಿದಳು. ನವೆಂಬರಿನಲ್ಲಿ ನರ್ಸರಿಗೆ ಪಿಟೂನಿಯಾ, ಪ್ಯಾನ್ಸಿ ಸಸಿಗಳು ಬಂದಾಗ ಅವುಗಳ ಜೊತೆಗೇ ಜಿನಿಯಾ ಬೀಜವನ್ನೂ ತಂದು ಹಾಕುತ್ತೀಯಂತೆ. ಅಷ್ಟು ದಿನ ಕಾಯಬೇಡವ್ವ. ಪಿಟೂನಿಯಾ, ಪ್ಯಾನ್ಸಿ ಚಳಿಯಲ್ಲಿ ಸುಖವಾಗಿ ಬೆಳೆಯುವಂಥವು. ಜಿನಿಯಾ ಮೆಕ್ಸಿಕೋದ ಬಿಸಿಲು ಕಂಡ ಗಿಡ. ನರ್ಸರಿಯ ಕಟ್ಟೆಯ ಮೇಲೆ ಎಲ್ಲ ಪೊಟ್ಟಣಗಳೂ ಅಕ್ಕಪಕ್ಕ ಇರುತ್ತವೆ, ಆದರೆ ಅವುಗಳ ಕಾಲ ಒಂದೇ ಅಲ್ಲ. ನಿನ್ನ ಜಿನಿಯಾ ದೀಪಾವಳಿಯ ಆಸುಪಾಸಿನಿಂದ ಹೂ ಕೊಡಬೇಕೆಂದರೆ ಪುಣೆಯಲ್ಲಿ ಗಣಪತಿ ಕೂರಿಸುವ ಹೊತ್ತಿಗೆ ಬೀಜ ಮಣ್ಣಿನಲ್ಲಿರಬೇಕು.

ಧಾರವಾಡದಿಂದ ಬಂದವಳಿಗೆ ಪುಣೆಯ ಚಳಿ ದೊಡ್ಡದೆನಿಸಲಿಕ್ಕಿಲ್ಲ. ಡಿಸೆಂಬರಿನ ಹಗಲಿನಲ್ಲೂ 29-30 ಡಿಗ್ರಿ ಬಿಸಿಲಿರುತ್ತದೆ. ಆದರೆ ಗಿಡ ರಾತ್ರಿಯ ಲೆಕ್ಕವನ್ನೂ ಇಡುತ್ತದೆ. ಡಿಸೆಂಬರ್, ಜನವರಿಯಲ್ಲಿ ಶಿವಾಜಿನಗರದ ಕನಿಷ್ಠ ತಾಪಮಾನದ ಸರಾಸರಿ 11-12 ಡಿಗ್ರಿ; ಕೆಲವು ರಾತ್ರಿ ಏಳೆಂಟಕ್ಕೂ ಇಳಿಯುತ್ತದೆ. 1935ರ ಜನವರಿ 17ರಂದು 1.7 ಡಿಗ್ರಿಗೆ ಇಳಿದಿತ್ತು, ಅದು ಈ ಊರಿನ ದಾಖಲೆ. ಇಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಟ್ಟುಹೋಗುವ ಭಯವಿಲ್ಲ ನಿಜ. ಆದರೆ ಜಿನಿಯಾ ನಿಂತುಹೋಗಲು ಅಷ್ಟು ಚಳಿ ಬೇಕಾಗಿಯೂ ಇಲ್ಲ. ಹತ್ತು ಹನ್ನೊಂದು ಡಿಗ್ರಿಯ ರಾತ್ರಿಗಳು ಸಾಲಾಗಿ ಬಂದರೆ ಎಳೆಯ ಸಸಿ ಬೆಳೆಯುವುದನ್ನು ಮರೆತೇಬಿಡುತ್ತದೆ. ಬೇರು ತಣ್ಣಗಿನ ಒದ್ದೆ ಮಣ್ಣಿನಲ್ಲಿ ಕೂತು ಕೊಳೆಯುವುದೂ ಉಂಟು.

ಈಗ ಹಿಂದಿನಿಂದ ಲೆಕ್ಕ ಹಾಕು. ಬೀಜ ಹಾಕಿದ ದಿನದಿಂದ ಮೊದಲ ಹೂವಿಗೆ ಹೆಚ್ಚುಕಡಿಮೆ ಅರುವತ್ತರಿಂದ ಎಪ್ಪತ್ತು ದಿನ. ಮಣ್ಣು 21ರಿಂದ 27 ಡಿಗ್ರಿ ಬೆಚ್ಚಗಿದ್ದರೆ ನಾಲ್ಕರಿಂದ ಏಳು ದಿನದಲ್ಲಿ ಮೊಳಕೆ ಬರುತ್ತದೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಬಿತ್ತಿದ್ದು ನವೆಂಬರ್ ಮೊದಲ ವಾರಕ್ಕೆ ಅರಳುತ್ತದೆ; ಆಮೇಲೆ ಕಡು ಚಳಿ ಬೀಳುವತನಕ ಐದಾರು ವಾರ ಕೊಯ್ದಷ್ಟೂ ಹೂ. ಅದೇ ನವೆಂಬರಿನಲ್ಲಿ ಬಿತ್ತಿದರೆ ಗಿಡ ಎದ್ದು ನಿಲ್ಲಬೇಕಾದ ಹೊತ್ತಿಗೇ ಚಳಿ ಬಂದು ಹೆಗಲ ಮೇಲೆ ಕೂತಿರುತ್ತದೆ. ದಸರೆಗೇ ಹೂ ಬೇಕೆಂದರೆ ಜುಲೈ ಕೊನೆಗೆ ಬಿತ್ತಬೇಕು, ಆದರೆ ಆ ಗಿಡ ಪೂರ್ತಿ ಮಳೆಯಲ್ಲಿ ಬೆಳೆಯಬೇಕಾಗುತ್ತದೆ. ಮೊದಲ ವರ್ಷ ಆ ಪರೀಕ್ಷೆ ನಿನಗೆ ಬೇಡ.

ಚಳಿಯ ಜೊತೆಗೆ ಇನ್ನೊಂದು ಸಂಗತಿ ಇದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ. ಜಿನಿಯಾ ಹಗಲಿನ ಉದ್ದವನ್ನು ಗಮನಿಸುವ ಗಿಡ. ಹಗಲು ಕುಗ್ಗಿದರೆ ಅದಕ್ಕೆ ಹೂಬಿಡುವ ಅವಸರ ಹತ್ತುತ್ತದೆ. ಪುಣೆಯಲ್ಲಿ ಜೂನಿನ ಹಗಲು ಹದಿಮೂರು ತಾಸು ಮೀರುತ್ತದೆ, ಡಿಸೆಂಬರಿನದು ಹನ್ನೊಂದು ತಾಸು. ತಡವಾಗಿ ಬಿತ್ತಿದ ಸಸಿ ಗೇಣುದ್ದ ಬೆಳೆಯುವಷ್ಟರಲ್ಲೇ ಮೊಗ್ಗು ಕಟ್ಟಿ, ಬಡಕಲು ಕಡ್ಡಿಯ ಮೇಲೆ ಒಂದು ಸಣ್ಣ ಹೂ ಬಿಟ್ಟು ಸುಮ್ಮನಾಗುತ್ತದೆ. ಜನ ಆಗ ಬೀಜವನ್ನು ಬಯ್ಯುತ್ತಾರೆ, ಗೊಬ್ಬರದ ಮೇಲೆ ಗೊಬ್ಬರ ಸುರಿಯುತ್ತಾರೆ. ಬೀಜದ್ದೇನೂ ತಪ್ಪಿಲ್ಲ. ಸೆಪ್ಟೆಂಬರಿನ ಹಗಲು ಇನ್ನೂ ಹನ್ನೆರಡು ತಾಸು ಇರುವಾಗಲೇ ಗಿಡಕ್ಕೆ ಮೈ ತುಂಬಿಕೊಳ್ಳುವ ಅವಕಾಶ ಕೊಡಬೇಕು.

ನಿನ್ನ ಮನೆ ಇರುವ ಜಾಗವನ್ನೂ ಯೋಚಿಸು. ಪುಣೆಯೆಲ್ಲ ಒಂದೇ ಚಳಿಯಲ್ಲ. ಚಳಿಗಾಲದ ಬೆಳಿಗ್ಗೆ ಪತ್ರಿಕೆಯಲ್ಲಿ ಊರೊಳಗಿನ ಬೇರೆ ಬೇರೆ ಕೇಂದ್ರಗಳ ತಾಪಮಾನ ಬರುತ್ತದಲ್ಲ, ನಾಲ್ಕು ದಿನ ಓದು. ಪಾಷಾಣ, ಖಡಕ್‌ವಾಸಲಾ ಕಡೆಯ ಎನ್‌ಡಿಎ, ತಳೇಗಾಂವ್ ಸಾಮಾನ್ಯವಾಗಿ ಕೆಳಗಿರುತ್ತವೆ. ಕಾಂಕ್ರೀಟು ದಟ್ಟವಾಗಿರುವ ಮಗರ್‌ಪಟ್ಟಾ ಅವುಗಳಿಗಿಂತ ನಾಲ್ಕೈದು ಡಿಗ್ರಿ ಬೆಚ್ಚಗಿರುವ ದಿನಗಳು ಬೇಕಾದಷ್ಟಿವೆ. ನೀನಿರುವ ಬಾಣೇರ್ ಪಾಷಾಣದ ಮಗ್ಗುಲಲ್ಲೇ ಇದೆ. ಮಗರ್‌ಪಟ್ಟಾ ಪಕ್ಕದ ಹಡಪ್ಸರದ ಗೆಳತಿಯ ಗಿಡ ಡಿಸೆಂಬರ್ ಕೊನೆಯವರೆಗೂ ಅರಳುತ್ತಿದ್ದರೆ ನಿನ್ನದೂ ಹಾಗೇ ಇರಬೇಕೆಂದು ಹಟ ಮಾಡಬೇಡ. ನಿನಗೆ ಒಂದು ವಾರ, ಹತ್ತು ದಿನ ಕಡಿಮೆಯೇ ಸಿಗುತ್ತದೆ. ಆ ಹತ್ತು ದಿನವನ್ನು ಮುಂಚೆಯೇ ಬಿತ್ತಿ ಗಳಿಸಿಕೋ.

ಈ ಲೆಕ್ಕಗಳ ಹಿಂದೆ ಪುಣೆಯದೇ ಒಂದು ದೊಡ್ಡ ಕಥೆ ಇದೆ. ಶಿವಾಜಿನಗರದಲ್ಲಿ ‘ಸಿಮ್ಲಾ ಆಫೀಸ್’ ಎಂದು ಬಸ್ಸಿನವರೂ ರಿಕ್ಷಾದವರೂ ಹೇಳುವ ಚೌಕವಿದೆ. ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಶಿಮ್ಲಾದಿಂದ ಅಲ್ಲಿಗೆ ಬಂತು, ಹೆಸರು ಹಾಗೇ ಉಳಿಯಿತು. ಅದೇ ಇಲಾಖೆಯಲ್ಲಿ 1932ರಲ್ಲಿ ಕೃಷಿ ಹವಾಮಾನದ ವಿಭಾಗ ಶುರುವಾಯಿತು. ಅದನ್ನು ಕಟ್ಟಿ ಬೆಳೆಸಿದವರು ಎಲ್. ಎ. ರಾಮದಾಸ್. ನಿರಭ್ರ ರಾತ್ರಿಯಲ್ಲಿ, ಗಾಳಿ ಆಡದಿದ್ದಾಗ, ಎಲ್ಲಕ್ಕಿಂತ ತಣ್ಣಗಿರುವುದು ನೆಲಕ್ಕೆ ತಾಗಿದ ಗಾಳಿ ಎಂದು ಆಗ ಎಲ್ಲರೂ ನಂಬಿದ್ದರು. ಬರಿ ನೆಲದ ಮೇಲೆ ಹಂತಹಂತವಾಗಿ ಉಷ್ಣಮಾಪಕ ಇಟ್ಟು ನೋಡಿದ ರಾಮದಾಸ್, ಅತಿ ತಣ್ಣನೆಯ ಪದರ ಇರುವುದು ನೆಲಕ್ಕಿಂತ ಸ್ವಲ್ಪ ಮೇಲೆ ಎಂದು ಅದೇ ವರ್ಷ ಪ್ರಕಟಿಸಿದರು. ಹೊರದೇಶದವರು ಬಹಳ ಕಾಲ ನಂಬಲಿಲ್ಲ. ಈಗ ಅದಕ್ಕೆ ‘ರಾಮದಾಸ್ ಪದರ’ ಎಂದೇ ಹೆಸರು. ಅದರ ಭೌತಶಾಸ್ತ್ರವನ್ನು ಬಿಡಿಸಲು ಮುಂದೆ ಶ್ರಮಪಟ್ಟವರಲ್ಲಿ ನಮ್ಮ ಬೆಂಗಳೂರಿನ ರೊದ್ದಂ ನರಸಿಂಹ ಅವರೂ ಇದ್ದರು. ಪುಣೆಯಲ್ಲಿ ಗಿಡ ಬೆಳೆಸುವ ಪ್ರತಿಯೊಬ್ಬರೂ ಈ ಎರಡು ಹೆಸರನ್ನು ತಿಳಿದಿರಬೇಕೆಂದು ನನ್ನ ಆಸೆ.

ಇದರಿಂದ ನಿನಗೇನು ಬಂತು ಎಂದರೆ, ರಾತ್ರಿಯ ಹೊತ್ತು ಮಣ್ಣು ಗಿಡದ ವೈರಿಯಲ್ಲ, ಹಗಲಿನ ಶಾಖವನ್ನು ಕಾಪಾಡಿ ಕೊಡುವುದೇ ಅದು. ಚಳಿಯ ಪೆಟ್ಟು ಮೊದಲು ತಿನ್ನುವುದು ಮಣ್ಣಿಗಿಂತ ಮೇಲಿರುವ ಎಳೆ ಕುಡಿ. ಹಾಗಾಗಿ ಅಕ್ಟೋಬರಿನ ಬಿಸಿಲಿಗೆಂದು ಕುಂಡದ ಮೇಲೆ ಒಣ ಎಲೆ, ತೆಂಗಿನ ನಾರು ಹಾಸಿದ್ದರೆ ನವೆಂಬರ್ ಕೊನೆಗೆ ಅದನ್ನು ತೆಗೆದುಬಿಡು. ದಪ್ಪ ಹೊದಿಕೆ ಹಗಲಿನ ಬಿಸಿಲನ್ನು ಮಣ್ಣಿಗೆ ಇಳಿಯಗೊಡುವುದಿಲ್ಲ, ರಾತ್ರಿ ಮಣ್ಣಿನ ಬಿಸುಪನ್ನು ಮೇಲಕ್ಕೆ ಬಿಡುವುದೂ ಇಲ್ಲ. ಹದವಾಗಿ ತೇವವಿರುವ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಶಾಖ ಹಿಡಿದಿಡುತ್ತದೆ, ಆದ್ದರಿಂದ ನೀರನ್ನು ಬೆಳಿಗ್ಗೆ ಹಾಕು, ಸಂಜೆ ಬೇಡ. ಕುಂಡಕ್ಕೆ ಒಂದು ಕಷ್ಟ ಇದೆ: ಮಣ್ಣು ಕಡಿಮೆ, ಸುತ್ತಲೂ ಗಾಳಿ, ಬೇಗ ತಣಿಯುತ್ತದೆ. ಬಿಡಿಬಿಡಿಯಾಗಿ ಬಾಲ್ಕನಿಯ ಕಟಕಟೆಯ ಮೇಲೆ ಇಡದೆ ಎಲ್ಲ ಕುಂಡಗಳನ್ನೂ ಮಧ್ಯಾಹ್ನದ ಬಿಸಿಲು ಬೀಳುವ ಗೋಡೆಗೆ ಒತ್ತಿ ಗುಂಪಾಗಿ ಇಡು. ಆ ಗೋಡೆ ರಾತ್ರಿ ಬಹಳ ಹೊತ್ತು ಬೆಚ್ಚಗಿರುತ್ತದೆ. ಪತ್ರಿಕೆಯಲ್ಲಿ ಎಂಟು ಡಿಗ್ರಿ ಎಂದು ಕಂಡ ದಿನ ರಾತ್ರಿ ಹಳೆಯ ಹತ್ತಿ ಸೀರೆಯೊಂದನ್ನು ಮೇಲೆ ಹೊದಿಸಿ, ಬಿಸಿಲೇರಿದ ಕೂಡಲೇ ತೆಗೆ.

ಬಾಲ್ಕನಿ ಯಾವ ದಿಕ್ಕಿಗಿದೆ ಎಂದು ನಿಮ್ಮವ್ವನಿಗೆ ಗೊತ್ತಿರಲಿಲ್ಲ. ಪುಣೆ ಇರುವುದು ಸುಮಾರು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಐದು ಡಿಗ್ರಿ ಉತ್ತರಕ್ಕೆ ಸರಿದಿರುತ್ತಾನೆ. ಡಿಸೆಂಬರ್ ಕೊನೆಗೆ ನಲವತ್ತೆರಡು ಡಿಗ್ರಿ ದಕ್ಷಿಣಕ್ಕೆ ವಾಲುತ್ತಾನೆ. ದಕ್ಷಿಣದ ಬಾಲ್ಕನಿಯಾದರೆ ಚಳಿಗಾಲದ ಬಿಸಿಲು ಒಳಗಿನ ಬಾಗಿಲವರೆಗೂ ಬರುತ್ತದೆ, ನಿನ್ನಂಥ ಪುಣ್ಯವಂತೆ ಇಲ್ಲ. ಉತ್ತರದ್ದಾದರೆ ಜಿನಿಯಾ ಬಿಡು, ಬಿಲ್ಡಿಂಗಿನ ಗಚ್ಚಿಯ ಮೇಲೆ ಎರಡು ಕುಂಡಕ್ಕೆ ಜಾಗ ಕೇಳು. ದಿನಕ್ಕೆ ಆರು ತಾಸು ನೇರ ಬಿಸಿಲು ಇಲ್ಲದ ಕಡೆ ಈ ಗಿಡ ಉದ್ದಕ್ಕೆ ಎಳೆದುಕೊಂಡು ಬಾಗುತ್ತದೆ, ಅಷ್ಟೆ.

ಬಿತ್ತುವುದು ಕಷ್ಟವಲ್ಲ. ಹನ್ನೆರಡು ಅಂಗುಲದ ಕುಂಡ, ಕೆಂಪು ಮಣ್ಣು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ನೀರು ಬಸಿಯಲು ಸ್ವಲ್ಪ ಮರಳು. ನಮ್ಮೂರಿನ ಎರೆಮಣ್ಣಿನ ಮೋಹದಲ್ಲಿ ಕಪ್ಪು ಮಣ್ಣೊಂದನ್ನೇ ತುಂಬಬೇಡ. ಕುಂಡದಲ್ಲಿ ಅದು ನೀರು ಬಿಡುವುದಿಲ್ಲ. ಬೀಜವನ್ನು ಅರ್ಧ ಸೆಂಟಿಮೀಟರಿನಷ್ಟು ಆಳಕ್ಕೆ, ಬೆಳೆಯುವ ಕುಂಡದಲ್ಲೇ ನೇರವಾಗಿ ಹಾಕು. ಬೇರು ಅಲುಗಾಡಿಸುವುದು ಜಿನಿಯಾಕ್ಕೆ ಆಗದು. ಗಣಪತಿಯ ದಿನಗಳಲ್ಲಿ ಜಡಿಮಳೆ ಇದ್ದರೆ ಪತ್ರಿಕೆಯ ಕಾಗದ ಸುತ್ತಿ ಮಾಡಿದ ಪುಟ್ಟ ಬಟ್ಟಲಲ್ಲಿ ಒಳಗೆ ಮೊಳೆಯಿಸಿ, ನಾಲ್ಕು ಎಲೆ ಬಂದ ಮೇಲೆ ಕಾಗದದ ಸಮೇತ ನೆಡು.

ಕೆನಡಾದ ಕ್ಯಾಲ್ಗರಿಯಲ್ಲಿರುವ ನಮ್ಮ ಕನ್ನಡದ ಮನೆಗಳವರು ಇದನ್ನೇ ಮಾಡುತ್ತಾರೆ. ಅಲ್ಲಿ ಇಬ್ಬನಿ ಹೆಪ್ಪುಗಟ್ಟದ ರಾತ್ರಿಗಳು ಸಿಗುವುದು ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ. ನಾಲ್ಕು ವಾರ ಮುಂಚೆ ಕಿಟಕಿಯ ಬಳಿ ಬೀಜ ಮೊಳೆಯಿಸಿ, ಮಣ್ಣು ಬೆಚ್ಚಗಾದ ಮೇಲೆ ಹೊರಗಿಡುತ್ತಾರೆ. ಅಲ್ಲಿಯ ಬೇಸಿಗೆಯ ಹಗಲು ಹದಿನಾರು ತಾಸು ಮೀರುವುದರಿಂದ ಹೂವಿಗೆ ಇನ್ನೂ ಹೆಚ್ಚು ಕಾಯಬೇಕು. ಅವರಿಗಿಂತ ನಮ್ಮ ಪಾಲು ಎಷ್ಟೋ ಸುಲಭದ್ದು.

ಸಸಿಗೆ ನಾಲ್ಕು ಜೋಡಿ ಎಲೆ ಬಂದಾಗ ಮೂರನೆಯ ಜೋಡಿಯ ಮೇಲೆ ತುದಿ ಚಿವುಟು. ಕವಲು ಒಡೆದು ಪೊದೆಯಾಗುತ್ತದೆ. ಚಿವುಟಿದರೆ ಹೂವು ಒಂದು ವಾರ ಹಿಂದೆ ಬೀಳುತ್ತದೆ, ಹಾಗಾಗಿ ಅಕ್ಟೋಬರ್ ಮಧ್ಯ ದಾಟಿದ ಮೇಲೆ ಚಿವುಟುವ ಆಸೆ ಬೇಡ.

ರೋಗದ ಮಾತು. ಮಳೆ ಇರುವಾಗ ಎಲೆಚುಕ್ಕೆ, ಮಳೆ ಹೋಗಿ ರಾತ್ರಿ ತಂಪಾದಾಗ ಬೂದಿ ರೋಗ. ಎರಡಕ್ಕೂ ಕಾರಣ ಒತ್ತೊತ್ತಾಗಿ ನೆಡುವುದು ಮತ್ತು ನೀರಿನ ಅತಿ ಪ್ರೀತಿ. ಬಾಹ್ಯಾಕಾಶದಲ್ಲಿ ಜಿನಿಯಾ ಬೆಳೆಸಿದ್ದು ಕೇಳಿದ್ದೀಯಾ? 2015ರ ಕೊನೆಗೆ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಆ ಗಿಡಗಳಿಗೆ ತೇವ ಹೆಚ್ಚಾಗಿ ಬೂಷ್ಟು ಹಿಡಿದಿತ್ತು. ಗಗನಯಾತ್ರಿ ಸ್ಕಾಟ್ ಕೆಲ್ಲಿ ಫ್ಯಾನಿನ ಗಾಳಿ ಹೆಚ್ಚಿಸಿ, ಭೂಮಿಯಿಂದ ಬಂದ ವೇಳಾಪಟ್ಟಿಯನ್ನು ಬಿಟ್ಟು ಗಿಡದ ಮುಖ ನೋಡಿ ನೀರು ಹಾಕುತ್ತೇನೆಂದರು. 2016ರ ಜನವರಿಯಲ್ಲಿ ಹೂ ಅರಳಿತು. ನೀನೂ ಫೋನಿನ ಅಲಾರಾಂ ಇಟ್ಟು ನೀರು ಹಾಕಬೇಡ. ಬೆರಳು ಮಣ್ಣಿಗೆ ಇಳಿಸಿ ನೋಡು. ಬೂದಿ ಕಂಡ ಎಲೆಯನ್ನು ಅಂದೇ ಕಿತ್ತು ಹೊರಹಾಕು. ಬೀಜ ಕೊಳ್ಳುವುದಾದರೆ ಪ್ರೊಫ್ಯೂಷನ್, ಝಹಾರಾ ತಳಿಗಳು ಈ ರೋಗಗಳನ್ನು ಚೆನ್ನಾಗಿ ತಡೆಯುತ್ತವೆ. ಗಿಡ್ಡಾಗಿ ಹರಡುವುದರಿಂದ ಬಾಲ್ಕನಿಗೂ ಹೊಂದುತ್ತವೆ. ಹೂದಾನಿಗೆ ಉದ್ದ ಕಡ್ಡಿ ಬೇಕೆಂದರೆ ಬೆನಾರಿಸ್ ಜಯಂಟ್ ಹಾಕು, ಆದರೆ ಅದಕ್ಕೆ ಆಸರೆಯ ಕೋಲೂ ಗಾಳಿಯೂ ಬೇಕು.

ಹೂ ಕೊಯ್ಯುವಾಗ ಹೂವಿನ ಕೆಳಗೆ ಗೇಣು ಬಿಟ್ಟು ಕಡ್ಡಿ ಹಿಡಿದು ಮೆಲ್ಲಗೆ ಅಲ್ಲಾಡಿಸು. ಕುತ್ತಿಗೆ ಬಳುಕಿದರೆ ಇನ್ನೂ ಎರಡು ದಿನ ಬಿಡು, ಸೆಟೆದು ನಿಂತರೆ ಕೊಯ್ಯಿ. ಎಲೆಜೋಡಿಯ ಮೇಲೆಯೇ ಕತ್ತರಿಸಬೇಕು, ಅಲ್ಲಿಂದ ಮತ್ತೆರಡು ಕವಲು ಬರುತ್ತವೆ. ಕೊಯ್ಯಲು ಮನಸ್ಸು ಬಾರದೆ ಗಿಡದಲ್ಲೇ ಒಣಗಲು ಬಿಟ್ಟರೆ ಅದು ಬೀಜ ಕಟ್ಟಿ ಕೆಲಸ ಮುಗಿಯಿತೆಂದುಕೊಳ್ಳುತ್ತದೆ.

ಈ ಸಲ ಗಣಪತಿಗೆ ಆಗದೇ ಹೋದರೆ ಬೇಸರ ಬೇಡ. ನವೆಂಬರಿನಿಂದ ಜನವರಿಯವರೆಗೆ ಕುಂಡದಲ್ಲಿ ಪಿಟೂನಿಯಾವೇ ಇರಲಿ. ಜನವರಿ ಕೊನೆಯ ವಾರ ಎಂಪ್ರೆಸ್ ಗಾರ್ಡನ್ನಿನಲ್ಲಿ ಪುಷ್ಪಪ್ರದರ್ಶನ ನಡೆಯುತ್ತದೆ, ಇಬ್ಬರೂ ಹೋಗೋಣ. ಫೆಬ್ರವರಿ ಎರಡನೆಯ ವಾರ ರಾತ್ರಿಗಳು ಬೆಚ್ಚಗಾಗತೊಡಗಿದಾಗ ಬಿತ್ತು, ಏಪ್ರಿಲ್ ಕೊನೆಗೆ ಹೂ ಬರುತ್ತದೆ. ನನ್ನ ಹತ್ತಿರ ಹೋದ ವರ್ಷದ ಗುಲಾಬಿ, ಕೇಸರಿ ಬಣ್ಣದ ನಾಟಿ ಬೀಜ ಕಾಗದದ ಲಕೋಟೆಯಲ್ಲಿ ಇವೆ. ಹೈಬ್ರಿಡ್ ಅಲ್ಲ, ಹಾಗಾಗಿ ನೀನೂ ಅದರಿಂದ ಬೀಜ ಎತ್ತಿಡಬಹುದು. ಭಾನುವಾರ ಬರುವಾಗ ಬಾಲ್ಕನಿಗೆ ಬಿಸಿಲು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಚೀಟಿಯಲ್ಲಿ ಬರೆದುಕೊಂಡು ಬಾ, ನೋಡಿ ಎಷ್ಟು ಕುಂಡವೆಂದು ಹೇಳುತ್ತೇನೆ.