868 ರೂಪಾಯಿಯ ಅಳತೆಗೋಲು

ಬಡ್ಡಿ ಶೇಕಡ 8.5, ಅವಧಿ 20 ವರ್ಷ. ಈ ಲೆಕ್ಕದಲ್ಲಿ 1 ಲಕ್ಷ ರೂಪಾಯಿ ಗೃಹಸಾಲಕ್ಕೆ ತಿಂಗಳ ಕಂತು ಸುಮಾರು 868 ರೂಪಾಯಿ ಬರುತ್ತದೆ. ಬೆಂಗಳೂರಿನಲ್ಲಿ ಮನೆ ಹುಡುಕುವವರು ಈ ಅಂಕಿಯನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಓಡಾಟಕ್ಕೆ ತಿಂಗಳಿಗೆ 868 ರೂಪಾಯಿ ಹೆಚ್ಚು ಬೇಡುವ ಮನೆ, ಮಾರುವವರು ಏನೇ ಬೆಲೆ ಹೇಳಲಿ, 1 ಲಕ್ಷ ದುಬಾರಿ ಎಂದೇ ನಾನು ಹಿಡಿಯುತ್ತೇನೆ.

2023ರ ಕೊನೆಯಲ್ಲಿ ನಮ್ಮ ಮುಂದೆ ಎರಡು ಫ್ಲ್ಯಾಟ್‌ಗಳಿದ್ದವು. ಒಂದು ವರ್ತೂರಿನ ಕಡೆ, ವೈಟ್‌ಫೀಲ್ಡ್‌ನ ನನ್ನ ಆಫೀಸಿಗೆ ಹತ್ತಿರ. ಇನ್ನೊಂದು ಊರಿನ ಮತ್ತೊಂದು ತುದಿಯ ಕೆಂಗೇರಿ ಉಪನಗರದಲ್ಲಿ, 20 ಲಕ್ಷ ಕಡಿಮೆಗೆ. ಹೆಂಡತಿ ವಿಜಯನಗರದ ಅನುದಾನಿತ ಶಾಲೆಯಲ್ಲಿ ಶಿಕ್ಷಕಿ. ಆ ಅಕ್ಟೋಬರ್‌ನಲ್ಲಿ ಮೆಟ್ರೊ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ತೆರೆಯದೆ ಇದ್ದಿದ್ದರೆ ಕೆಂಗೇರಿಯ ಮಾತೇ ಏಳುತ್ತಿರಲಿಲ್ಲ.

20 ಲಕ್ಷ ಎಂದರೆ ತಿಂಗಳಿಗೆ 17,350 ರೂಪಾಯಿಯಷ್ಟು ಕಂತು. ಆಗ ಮೆಟ್ರೊದ ಗರಿಷ್ಠ ದರ 60 ರೂಪಾಯಿ. ಹೋಗಿ ಬಂದು 22 ಕೆಲಸದ ದಿನಕ್ಕೆ 2,640. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 90ಕ್ಕೆ ಏರಿತು, ಖರ್ಚು 3,960 ಆಯಿತು. ಸ್ಮಾರ್ಟ್ ಕಾರ್ಡ್‌ನ ಶೇಕಡ 5ರ ರಿಯಾಯಿತಿ ಬಿಟ್ಟು ನೋಡಿದರೆ, ಆ ಒಂದು ಏರಿಕೆಯಿಂದ ನಮ್ಮ ಮನೆಯ ಬೆಲೆ ಒಂದೂವರೆ ಲಕ್ಷ ಹೆಚ್ಚಿದಂತೆ. ಹಾಗಿದ್ದರೂ ಕೆಂಗೇರಿಯೇ ಅಗ್ಗ.

ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಮನೆಯೇ ಬೇಕೆಂದು ಹಟ ಹಿಡಿದದ್ದೂ ಇದೇ ಲೆಕ್ಕದಿಂದ. ಆಟೊದ ಕನಿಷ್ಠ ದರ ಈಗ 36 ರೂಪಾಯಿ. ದಿನಕ್ಕೆರಡು ಸಲ ಹತ್ತಿದರೆ ತಿಂಗಳಿಗೆ 1,584, ಎಂದರೆ ಸುಮಾರು 1 ಲಕ್ಷ 80 ಸಾವಿರದ ಸಾಲ. ಅದೂ ಒಬ್ಬರಿಗೆ ಮಾತ್ರ.

ಇನ್ನು ಸಮಯ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಗಂಟೆಗೂ ಮೀರಿದ ಪ್ರಯಾಣ, ಸಂಜೆಯೂ ಅಷ್ಟೇ. ಇದು ಸಣ್ಣ ಸಂಗತಿಯಲ್ಲ, ಮೈ ದಣಿಯುತ್ತದೆ. ಆದರೆ ಮಳೆ ಬಂದರೂ ಆ ಹೊತ್ತು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ತುದಿಯ ಹತ್ತಿರ ಹತ್ತುವುದರಿಂದ ಸೀಟೂ ಸಿಗುತ್ತದೆ. ವರ್ತೂರಿನಿಂದ ಆಫೀಸಿಗೆ ಎಷ್ಟು ಹೊತ್ತು ಎಂದು ಕೇಳಿದಾಗ ಅಲ್ಲಿನವರು ಕೊಟ್ಟ ಉತ್ತರ, 'ಟ್ರಾಫಿಕ್ ನೋಡ್ಕೊಂಡು ಹೇಳ್ಬೇಕು ಸಾರ್'.

ನಿರ್ಧಾರವನ್ನು ಗಟ್ಟಿ ಮಾಡಿದ್ದು ಮಾತ್ರ ಹೆಂಡತಿಯ ಕೆಲಸ. ಅವಳ ಶಾಲೆ ನಿವೃತ್ತಿಯವರೆಗೂ ವಿಜಯನಗರದಲ್ಲೇ. ನನ್ನದು ಖಾಸಗಿ ಕಂಪನಿ. ಇಂದು ವೈಟ್‌ಫೀಲ್ಡ್, ನಾಳೆ ಎಲ್ಲಿಗೋ. ಆಫೀಸಿನ ಪಕ್ಕ ಎಂದೇ ಮನೆ ಕೊಂಡಿದ್ದ ನನ್ನ ಸಹೋದ್ಯೋಗಿಗಳಲ್ಲಿ ಕೆಲವರನ್ನು ಆಮೇಲೆ ಹೊರವರ್ತುಲ ರಸ್ತೆಯ ಕಚೇರಿಗೆ ಕಳಿಸಿದರು. ಕಂತು ಹಳೆಯ ವಿಳಾಸಕ್ಕೆ, ಓಡಾಟ ಹೊಸ ವಿಳಾಸಕ್ಕೆ. ಮನೆಯಲ್ಲಿ ಯಾರ ಸಂಬಳ ಹೆಚ್ಚೋ ಅವರ ಆಫೀಸನ್ನು ನಡುವೆ ಇಟ್ಟು ಬಡಾವಣೆ ಆರಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಯಾರ ಕೆಲಸ ಜಾಗ ಬಿಟ್ಟು ಕದಲುವುದಿಲ್ಲವೋ ಅವರ ಕಡೆಗೆ ಮನೆ ವಾಲಲಿ. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿ ಅಮ್ಮ ಇರುತ್ತಾಳೆ. ಇದಕ್ಕೆ 868ರ ಅಳತೆಗೋಲು ಹಿಡಿಯಲು ನನಗೆ ಮನಸ್ಸಿಲ್ಲ.

ನೀರಿಗೆ ಹಿಡಿಯಲೇಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ವೈಟ್‌ಫೀಲ್ಡ್ ಸುತ್ತಲಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳು ಟ್ಯಾಂಕರ್‌ಗೆ ಕಾದು ಕೂತವು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ 5ನೇ ಹಂತ ಶುರುವಾಗಿದೆ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯ. ಯೋಜನೆ ಬಂದಿದೆಯೇ ಎಂದು ಕೇಳಬೇಡಿ. ನೀವು ನೋಡುತ್ತಿರುವ ಕಟ್ಟಡಕ್ಕೆ ಸಂಪರ್ಕ ಸಿಕ್ಕಿದೆಯೇ, ಕಳೆದ ಏಪ್ರಿಲ್‌ನ ಟ್ಯಾಂಕರ್ ಬಿಲ್ ಎಷ್ಟು ಎಂದು ಕೇಳಿ.

ಕೊಂಡ ಮೇಲೆ ಜಾಗ ಹಿಡಿಸದಿದ್ದರೆ ಮಾರಿ ಬೇರೆ ಕೊಳ್ಳೋಣ ಎನ್ನುವುದೂ ಸುಲಭವಲ್ಲ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಮನೆಗೆ ಮುದ್ರಾಂಕ ಶುಲ್ಕ ಶೇಕಡ 5. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡ 2. 80 ಲಕ್ಷದ ಮನೆಗೆ ಸೆಸ್, ಸರ್ಚಾರ್ಜ್ ಬಿಟ್ಟೇ 5 ಲಕ್ಷ 60 ಸಾವಿರ. ಅದಕ್ಕಿಂತ, ಜೂನ್‌ಗೆ ಮುಂಚೆ, ಕೊಳ್ಳಬೇಕೆಂದಿರುವ ಬಡಾವಣೆಯಲ್ಲೇ 11 ತಿಂಗಳ ಕರಾರಿಗೆ ಬಾಡಿಗೆ ಮನೆ ಹಿಡಿಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಎರಡೂ ಸಿಗುತ್ತವೆ.