ಬಣ್ಣ ಬದಲಿಸುವ ಕಲ್ಲು

ಅಕ್ಕಂದಿರೇ, ಫಿರೋಜಾ ಎಂಬ ಕಲ್ಲನ್ನು ನೋಡಿದ್ದೀರಾ? ನೀಲಿಗೆ ಸ್ವಲ್ಪ ಹಸಿರು ಬೆರೆತ ಬಣ್ಣ. ಕೆಲವು ಕಲ್ಲಿನಲ್ಲಿ ಕಪ್ಪು ಗೆರೆಗಳೂ ಇರುತ್ತವೆ. ನಮ್ಮ ಮೈಸೂರು ಜಿಲ್ಲೆಯ ಬೈಲುಕುಪ್ಪೆಯಲ್ಲಿ ಟಿಬೆಟಿನ ಹೆಂಗಸರ ಕೊರಳಲ್ಲಿ ಇದನ್ನು ಕಾಣಬಹುದು.

ಈ ಕಲ್ಲಿನೊಳಗೆ ತಾಮ್ರ ಇದೆ. ನೀಲಿ ಬಣ್ಣ ಅದರಿಂದಲೇ ಬಂದದ್ದು. ಇರಾನ್ ದೇಶದ ನಿಶಾಪುರದ ಗಣಿಗಳು ಇದಕ್ಕೆ ಬಹಳ ಹಿಂದಿನಿಂದಲೂ ಹೆಸರುವಾಸಿ. ಫಿರೋಜಾ ಅನ್ನೋ ಹೆಸರೂ ಆ ದೇಶದ ಪಾರಸಿ ಭಾಷೆಯದೇ.

ನಮ್ಮ ದೇಶದ ಉತ್ತರ ತುದಿಯಲ್ಲಿ ಲಡಾಖ್ ಇದೆ. ತುಂಬಾ ಚಳಿಯ ಸೀಮೆ. ಅಲ್ಲಿನ ಹೆಂಗಸರು ಹಬ್ಬಕ್ಕೆ, ಮದುವೆಗೆ ಪೆರಾಕ್ ತೊಡುತ್ತಾರೆ. ಅದು ಹಣೆಯಿಂದ ಬೆನ್ನಿನವರೆಗೆ ಇಳಿಯುವ ಪಟ್ಟಿ. ಅದರ ತುಂಬಾ ಫಿರೋಜಾ ಕಲ್ಲು ಹೊಲಿದಿರುತ್ತಾರೆ. ನೋಡಲು ಹಾವಿನ ಹೆಡೆಯ ಹಾಗೆ! ತಾಯಿಯ ಪೆರಾಕ್ ಹಿರಿಯ ಮಗಳಿಗೆ ಸೇರುವುದು ಅಲ್ಲಿಯ ಪದ್ಧತಿ. ಗಂಡುಮಕ್ಕಳಿಗೆ ಅಲ್ಲ. ಅದು ಹೆಣ್ಣಿನ ಆಸ್ತಿ. ಇದು ನಮಗೆ ಬಹಳ ಹಿಡಿಸಿತು.

ಫಿರೋಜಾ ಬಣ್ಣಗೆಟ್ಟರೆ ತೊಟ್ಟವರಿಗೆ ಕೇಡು ಅಂತ ಹಲವು ದೇಶಗಳಲ್ಲಿ ನಂಬಿದ್ದರು. ಬಣ್ಣ ಬದಲಾಗುವುದು ನಿಜ. ಯಾಕೆ? ಈ ಕಲ್ಲಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳಿವೆ. ಹೊಸ ಮಡಕೆ ನೀರು ಹೀರುತ್ತೆ ಅಲ್ವಾ? ಹಾಗೆಯೇ ಈ ಕಲ್ಲು ಬೆವರು, ಎಣ್ಣೆ, ಸೋಪು ಹೀರುತ್ತೆ. ಬರಬರುತ್ತಾ ನೀಲಿ ಮಾಸಿ ಹಸಿರಾಗುತ್ತೆ. ತಲೆಗೆ ಎಣ್ಣೆ ಹಚ್ಚುವ, ಪಾತ್ರೆ ತಿಕ್ಕುವ ಕೈಯ ಉಂಗುರ ಹಸಿರಾದರೆ ಅದು ಕೇಡಿನ ಗುರುತಲ್ಲ. ದುಡಿಮೆಯ ಗುರುತು!

"ನಿಮ್ಮ ಕಲ್ಲು ಹಸಿರಾಗಿದೆ ತಾಯಿ, ಮನೆಯಲ್ಲಿ ಯಾರಿಗೋ ಕಾಯಿಲೆ ಬರುತ್ತೆ, ಬೇರೆ ಕಲ್ಲು ಹಾಕ್ಕೊಳ್ಳಿ" ಅಂತ ಯಾರಾದರೂ ಹೆದರಿಸಿದರೆ ದುಡ್ಡು ಕೊಡಬೇಡಿ. ಜ್ವರ ಬಂದರೆ ಆಸ್ಪತ್ರೆಗೆ ಹೋಗೋಣ. ಕಲ್ಲಿಗೆ ಜ್ವರ ಇಳಿಸುವ ಶಕ್ತಿ ಇಲ್ಲ.

ಚೆಂದಕ್ಕೆ ಅಂತ ಕೊಳ್ಳುವುದಾದರೆ ಕೊಳ್ಳಿ. ಆದರೆ ಸುಳ್ಳು ಕಲ್ಲೂ ಬಹಳ ಇವೆ. ಹೌಲೈಟ್ ಎಂಬ ಬಿಳಿ ಕಲ್ಲಿಗೆ ನೀಲಿ ಬಣ್ಣ ಹಾಕಿ ಮಾರುತ್ತಾರೆ. ಪ್ಲಾಸ್ಟಿಕ್ಕಿನವೂ ಇವೆ. ಬರೀ ಕಣ್ಣಿನಿಂದ ಗುರುತು ಹಿಡಿಯುವುದು ಕಷ್ಟ. ಆದ್ದರಿಂದ ಅಂಗಡಿಯವರಲ್ಲಿ ರಸೀದಿ ಕೇಳಿ. ಕಲ್ಲಿನ ಹೆಸರು, ಬೆಲೆ ಬರೆದಿದ್ದಾರಾ, ನೀವೇ ಓದಿ ನೋಡಿ. ಈಗ ನಿಮಗೆ ಓದಲು ಬರುತ್ತದಲ್ಲ!

ಮನೆಗೆ ತಂದ ಮೇಲೆ ಪಾತ್ರೆ, ಬಟ್ಟೆ ತೊಳೆಯುವಾಗ ಉಂಗುರ ತೆಗೆದಿಡಿ. ಸೋಪು ಹಾಕಿ ಉಜ್ಜಬೇಡಿ. ಮೆತ್ತಗಿನ ಬಟ್ಟೆಯಲ್ಲಿ ಒರೆಸಿದರೆ ಸಾಕು.